ಸೈರನ್ ಮತ್ತು ಸ್ಟ್ರೋಬ್ ಅಗ್ನಿ ಎಚ್ಚರಿಕೆ ವ್ಯವಸ್ಥೆ

ಸೈರನ್ ಮತ್ತು ಸ್ಟ್ರೋಬ್ ಅಗ್ನಿ ಎಚ್ಚರಿಕೆ ವ್ಯವಸ್ಥೆ ಎಂಬುದು ಕಟ್ಟಡದಲ್ಲಿ ಬೆಂಕಿ ಅಥವಾ ಹೊಗೆ ಕಾಣಿಸಿಕೊಂಡಾಗ ಒಳಗಿರುವವರಿಗೆ ತೀಕ್ಷ್ಣವಾದ ಸದ್ದು ಹಾಗೂ ಮಿನುಗುವ ಬೆಳಕಿನ ಮೂಲಕ ಸೂಚನೆ ನೀಡುವ ವಿದ್ಯುತ್ ಸಾಧನಗಳ ಜಾಲ. ಸದ್ದು ಮಾಡುವ ಭಾಗವನ್ನು ಸೈರನ್ ಅಥವಾ ಹೂಟರ್ ಎಂದೂ, ಕ್ಷಣಕ್ಷಣಕ್ಕೆ ಮಿಂಚುವ ದೀಪವನ್ನು ಸ್ಟ್ರೋಬ್ ಎಂದೂ ಕರೆಯುತ್ತಾರೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿದ ಸಾಧನಗಳು ಬಳಕೆಯಲ್ಲಿವೆ. ತಂತಿಯ ವ್ಯವಸ್ಥೆಯಲ್ಲಿ ಈ ಸಾಧನಗಳು ಒಂದು ನಿಯಂತ್ರಣ ಪ್ಯಾನೆಲ್‌ಗೆ ವೈರಿನ ಮೂಲಕ ಸೇರಿರುತ್ತವೆ. ಪ್ಯಾನೆಲ್ ಅವುಗಳಿಗೆ ವಿದ್ಯುತ್ ಒದಗಿಸುವುದಲ್ಲದೆ, ವೈರು ತುಂಡಾಗಿದೆಯೇ ಎಂಬುದನ್ನೂ ಸದಾ ಪರೀಕ್ಷಿಸುತ್ತಿರುತ್ತದೆ.

ಅಗ್ನಿಶಾಮಕ ವಾಹನ ಬರುವ ಮೊದಲೇ ಜನರು ಹೊರಗೆ ಬರುವಂತೆ ಮಾಡುವುದು ಈ ವ್ಯವಸ್ಥೆಯ ಉದ್ದೇಶ. ತಾಲ್ಲೂಕು ಕೇಂದ್ರಗಳಿಂದ ದೂರದಲ್ಲಿರುವ ಕಾರ್ಖಾನೆ, ಶಾಲೆ, ಕಲ್ಯಾಣ ಮಂಟಪ ಹಾಗೂ ಮಂಡಿಗಳಲ್ಲಿ ವಾಹನ ತಲುಪಲು ಹೆಚ್ಚು ಸಮಯ ಹಿಡಿಯುವುದರಿಂದ ಇದರ ಮಹತ್ವ ಇನ್ನೂ ಹೆಚ್ಚು. ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಇಂತಹ ಎಲ್ಲ ಬಗೆಯ ಕಟ್ಟಡಗಳೂ ಇರುವುದರಿಂದ ಈ ಲೇಖನದಲ್ಲಿ ಅಲ್ಲಿನ ಸಂದರ್ಭಗಳನ್ನು ಉದಾಹರಣೆಯಾಗಿ ಬಳಸಲಾಗಿದೆ.

ಇತಿಹಾಸ

ಫ್ರಾನ್ಸಿನ ಷಾರ್ಲ್ ಕಾನ್ಯಾರ್ ದ ಲಾ ತೂರ್ 1819ರಲ್ಲಿ, ರಂಧ್ರಗಳುಳ್ಳ ತಿರುಗುವ ತಟ್ಟೆಯ ಮೂಲಕ ಗಾಳಿಯನ್ನು ಹಾಯಿಸಿ ಸ್ವರ ಹೊರಡಿಸುವ ಉಪಕರಣವೊಂದನ್ನು ನಿರ್ಮಿಸಿ ಅದಕ್ಕೆ ಸೈರನ್ ಎಂಬ ಹೆಸರನ್ನಿಟ್ಟನು. ಟೆಲಿಗ್ರಾಫ್ ತಂತಿಯ ಮೂಲಕ ಬೆಂಕಿಯ ಸುದ್ದಿಯನ್ನು ರವಾನಿಸುವ ನಗರವ್ಯಾಪಿ ಜಾಲವು ಅಮೆರಿಕದ ಬಾಸ್ಟನ್ ನಗರದಲ್ಲಿ 1852ರಲ್ಲಿ ಕಾರ್ಯಾರಂಭ ಮಾಡಿತು; ವಿಲಿಯಂ ಚಾನಿಂಗ್ ಮತ್ತು ಮೋಸಸ್ ಫಾರ್ಮರ್ ಇದರ ರೂವಾರಿಗಳು. ಮಿನುಗು ದೀಪದ ತಂತ್ರಜ್ಞಾನವನ್ನು 1930ರ ದಶಕದಲ್ಲಿ ಹೆರಾಲ್ಡ್ ಎಡ್ಜರ್ಟನ್ ಬೆಳೆಸಿದರು. ಮೊದಲಿನ ಸ್ಟ್ರೋಬ್‌ಗಳಲ್ಲಿ ಕ್ಸೆನಾನ್ ಅನಿಲದ ನಳಿಗೆ ಇರುತ್ತಿತ್ತು. ಈಗ ಕಡಿಮೆ ವಿದ್ಯುತ್ ಬಳಸುವ ಎಲ್‌ಇಡಿ ದೀಪಗಳು ಅದರ ಸ್ಥಾನವನ್ನು ಆಕ್ರಮಿಸಿವೆ.

ಎಚ್ಚರಿಕೆ ಸಕಾಲದಲ್ಲಿ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭಾರತದಲ್ಲಿ ನೋವಿನ ಉದಾಹರಣೆಗಳಿವೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ, ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದ ಹೊತ್ತಿದ ಬೆಂಕಿಯ ಹೊಗೆ ಬಾಲ್ಕನಿಗೆ ನುಗ್ಗಿ 59 ಮಂದಿ ಮೃತಪಟ್ಟರು. ಪ್ರೇಕ್ಷಕರಿಗೆ ಸಕಾಲಿಕ ಸೂಚನೆ ದೊರೆತಿರಲಿಲ್ಲ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಅವಘಡದಲ್ಲಿ 9 ಮಂದಿ ಸಾವಿಗೀಡಾದರು. ಅಲ್ಲಿ ಮೇಲಿನ ಮಹಡಿಗಳಿಗೆ ಹೊಗೆ ಹಬ್ಬಿದಾಗ ಕೆಲವರು ಕಿಟಕಿಗಳಿಂದ ಹಾರಿದರು. ಎರಡೂ ಕಡೆ ಹೊಗೆಯೇ ಹೆಚ್ಚಿನ ಅಪಾಯವಾಗಿತ್ತು. ಹೊಗೆ ದಟ್ಟವಾಗುವ ಮೊದಲು ಉಳಿಯುವ ಕೆಲವೇ ನಿಮಿಷಗಳನ್ನು ಬಳಸಿಕೊಳ್ಳಲು ಎಲ್ಲರಿಗೂ ಏಕಕಾಲದಲ್ಲಿ ಸೂಚನೆ ದೊರೆಯಬೇಕು.

ಭಾಗಗಳು ಮತ್ತು ಕಾರ್ಯವಿಧಾನ

ವ್ಯವಸ್ಥೆಯಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿರುತ್ತವೆ.

1. ಪತ್ತೆ ಮಾಡುವ ಸಾಧನಗಳು: ಹೊಗೆ ಅಥವಾ ಶಾಖವನ್ನು ಗುರುತಿಸುವ ಡಿಟೆಕ್ಟರ್‌ಗಳು ಮತ್ತು ಬೆಂಕಿ ಕಂಡವರು ಕೈಯಿಂದ ಒತ್ತುವ ಕೆಂಪು ಕಾಲ್ ಪಾಯಿಂಟ್‌ಗಳು.
2. ನಿಯಂತ್ರಣ ಪ್ಯಾನೆಲ್: ಸೂಚನೆಯನ್ನು ಸ್ವೀಕರಿಸಿ, ಯಾವ ವಲಯದಿಂದ ಬಂದಿದೆ ಎಂದು ತೋರಿಸಿ, ಸೈರನ್‌ಗಳನ್ನು ಚಾಲನೆಗೊಳಿಸುವ ಪೆಟ್ಟಿಗೆ.
3. ಸೈರನ್ ಮತ್ತು ಸ್ಟ್ರೋಬ್‌ಗಳು: ಇವು ಸಾಮಾನ್ಯವಾಗಿ 24 ವೋಲ್ಟ್ ನೇರ ವಿದ್ಯುತ್ತಿನಿಂದ ನಡೆಯುತ್ತವೆ.
4. ಬ್ಯಾಟರಿ: ಮುಖ್ಯ ವಿದ್ಯುತ್ ಕಡಿತವಾದಾಗ ವ್ಯವಸ್ಥೆಯನ್ನು ನಡೆಸುವ, 12 ವೋಲ್ಟಿನ ಎರಡು ಬ್ಯಾಟರಿಗಳ ಸರಣಿ ಜೋಡಣೆ.

ಸೈರನ್‌ಗಳ ವೈರು ಪ್ಯಾನೆಲ್‌ನಿಂದ ಹೊರಟು ಒಂದಾದ ಮೇಲೊಂದರಂತೆ ಪ್ರತಿ ಸಾಧನವನ್ನೂ ಮುಟ್ಟಿ ಮುಂದೆ ಹೋಗುತ್ತದೆ. ಕಟ್ಟಕಡೆಯ ಸಾಧನದಲ್ಲಿ ಒಂದು ರೆಸಿಸ್ಟರ್ ಜೋಡಿಸಲಾಗಿರುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಪ್ಯಾನೆಲ್ ಈ ವೈರಿನಲ್ಲಿ ವಿರುದ್ಧ ಧ್ರುವತೆಯ ಅತ್ಯಲ್ಪ ವಿದ್ಯುತ್ತನ್ನು ಹರಿಸುತ್ತದೆ. ಪ್ರತಿ ಸೈರನ್ನಿನ ಒಳಗಿರುವ ಡಯೋಡ್ ಅದನ್ನು ತಡೆಯುವುದರಿಂದ ಸದ್ದು ಬರುವುದಿಲ್ಲ. ವಿದ್ಯುತ್ ಕೊನೆಯ ರೆಸಿಸ್ಟರಿನ ಮೂಲಕ ಮಾತ್ರ ಮರಳುತ್ತದೆ. ವೈರು ಎಲ್ಲಿಯಾದರೂ ತುಂಡಾದರೆ ಈ ಹರಿವು ನಿಂತು ಪ್ಯಾನೆಲ್‌ನಲ್ಲಿ ದೋಷದ ದೀಪ ಉರಿಯುತ್ತದೆ. ಬೆಂಕಿಯ ಸೂಚನೆ ಬಂದಾಗ ಪ್ಯಾನೆಲ್ ಧ್ರುವತೆಯನ್ನು ಬದಲಿಸುತ್ತದೆ. ಆಗ ಎಲ್ಲ ಸೈರನ್‌ಗಳೂ ಒಟ್ಟಿಗೆ ಮೊಳಗುತ್ತವೆ.

ತಂತಿಯ ವ್ಯವಸ್ಥೆಯ ನಿಜವಾದ ಬಲ ಈ ಮೇಲ್ವಿಚಾರಣೆಯಲ್ಲಿದೆ. ಮನೆಬಾಗಿಲ ಕರೆಗಂಟೆಯ ವೈರು ತುಂಡಾದರೆ ಅದು ಯಾರಿಗೂ ತಿಳಿಯುವುದಿಲ್ಲ. ಗುಂಡಿ ಒತ್ತಿದಾಗಲಷ್ಟೇ ದೋಷ ಬೆಳಕಿಗೆ ಬರುತ್ತದೆ. ಅಗ್ನಿ ಎಚ್ಚರಿಕೆಯ ವಿಷಯದಲ್ಲಿ ಆ ಹೊತ್ತಿಗೆ ತಡವಾಗಿರುತ್ತದೆ.

ಸಾಂಪ್ರದಾಯಿಕ ಪ್ಯಾನೆಲ್‌ಗಳು ಬೆಂಕಿ ಯಾವ ವಲಯದಲ್ಲಿದೆ ಎಂಬುದನ್ನು ಮಾತ್ರ ತಿಳಿಸುತ್ತವೆ. ವಿಳಾಸಾಧಾರಿತ ಪ್ಯಾನೆಲ್‌ಗಳಲ್ಲಿ ಪ್ರತಿ ಡಿಟೆಕ್ಟರಿಗೂ ಒಂದು ಸಂಖ್ಯೆ ಇರುವುದರಿಂದ ನಿಖರವಾದ ಕೊಠಡಿಯೇ ಗೊತ್ತಾಗುತ್ತದೆ. ಒಂದೆರಡು ಮಹಡಿಗಳ ಶಾಲೆ ಅಥವಾ ಮಂಟಪಕ್ಕೆ ಮೊದಲನೆಯದು ಸಾಕಾಗಬಹುದು; ಹಲವು ಕೊಠಡಿಗಳ ಆಸ್ಪತ್ರೆ, ವಸತಿಗೃಹ ಮತ್ತು ದೊಡ್ಡ ಕಾರ್ಖಾನೆಗಳಿಗೆ ಎರಡನೆಯದು ಸೂಕ್ತ.

ಸದ್ದಿನ ಆಯ್ಕೆ

ಭಾರತೀಯ ಮಾನಕ ಐಎಸ್ 2189 ಸ್ವಯಂಚಾಲಿತ ಅಗ್ನಿ ಪತ್ತೆ ಮತ್ತು ಎಚ್ಚರಿಕೆ ವ್ಯವಸ್ಥೆಗಳ ಆಯ್ಕೆ, ಅಳವಡಿಕೆ ಹಾಗೂ ನಿರ್ವಹಣೆಗೆ ಸಂಬಂಧಿಸಿದ್ದು. ಅದರ ಪ್ರಕಾರ ಸೈರನ್ನಿನ ಸದ್ದು ಕಟ್ಟಡದ ಎಲ್ಲೆಡೆ ಕನಿಷ್ಠ 65 ಡೆಸಿಬಲ್ ಇರಬೇಕು; ಇಲ್ಲವೇ, 30 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಇರುವ ಹಿನ್ನೆಲೆಯ ಸದ್ದಿಗಿಂತ 5 ಡೆಸಿಬಲ್ ಹೆಚ್ಚಿರಬೇಕು. ಇವೆರಡರಲ್ಲಿ ಯಾವುದು ದೊಡ್ಡದೋ ಅದನ್ನು ಅನುಸರಿಸಬೇಕು. ಮಲಗಿರುವವರನ್ನು ಎಬ್ಬಿಸಬೇಕಾದ ಕಡೆ ಹಾಸಿಗೆಯ ತಲೆಭಾಗದಲ್ಲಿ 75 ಡೆಸಿಬಲ್ ಅಗತ್ಯ.

ಸದ್ದು ದೂರ ಹೋದಂತೆ ಕುಂದುತ್ತದೆ. ತೆರೆದ ಸ್ಥಳದಲ್ಲಿ ದೂರ ಎರಡರಷ್ಟಾದಾಗ ಸುಮಾರು 6 ಡೆಸಿಬಲ್ ಕಡಿಮೆಯಾಗುತ್ತದೆ. 1 ಮೀಟರ್ ದೂರದಲ್ಲಿ 100 ಡೆಸಿಬಲ್ ನೀಡುವ ಸೈರನ್ 2 ಮೀಟರಿನಲ್ಲಿ 94, 4 ಮೀಟರಿನಲ್ಲಿ 88, 8 ಮೀಟರಿನಲ್ಲಿ 82, 16 ಮೀಟರಿನಲ್ಲಿ 76 ಡೆಸಿಬಲ್ ನೀಡುತ್ತದೆ. ಮುಚ್ಚಿದ ಬಾಗಿಲು ಇದರಲ್ಲಿ ಇನ್ನೂ ಸುಮಾರು 20 ಡೆಸಿಬಲ್ಲನ್ನು ನುಂಗುತ್ತದೆ. ಆದ್ದರಿಂದ ವಸತಿಗೃಹದ ಮೊಗಸಾಲೆಯಲ್ಲಿ ಒಂದು ದೊಡ್ಡ ಸೈರನ್ ಹಾಕುವುದಕ್ಕಿಂತ ಕೊಠಡಿಗಳ ಒಳಗೆ ಚಿಕ್ಕ ಸೈರನ್‌ಗಳನ್ನು ಹಾಕುವುದು ಮೇಲು.

ಕೊಳ್ಳುವಾಗ ತಯಾರಕರು ಸದ್ದನ್ನು ಎಷ್ಟು ದೂರದಲ್ಲಿ ಅಳೆದಿದ್ದಾರೆ ಎಂಬುದನ್ನು ನೋಡಬೇಕು. 1 ಮೀಟರಿನಲ್ಲಿ ಅಳೆದ 100 ಡೆಸಿಬಲ್ ಎಂದರೆ 3 ಮೀಟರಿನಲ್ಲಿ ಸುಮಾರು 90 ಡೆಸಿಬಲ್ ಮಾತ್ರ. ಅಳತೆಯ ದೂರವನ್ನು ನಮೂದಿಸದ ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಲಾಗದು.

ಬೆಳಕಿನ ಆಯ್ಕೆ

ಕಿವಿ ಕೇಳಿಸದವರಿಗೆ, ಕಿವಿಗೆ ರಕ್ಷಣಾ ಸಾಧನ ಧರಿಸಿ ದುಡಿಯುವವರಿಗೆ ಮತ್ತು ಯಂತ್ರಗಳ ಅಬ್ಬರದ ನಡುವೆ ಇರುವವರಿಗೆ ಸೈರನ್ ಒಂದೇ ಸಾಲದು. ಅಂತಹವರಿಗೆ ಸ್ಟ್ರೋಬ್ ದೀಪವು ಮುಖ್ಯ ಎಚ್ಚರಿಕೆಯಾಗುತ್ತದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016 ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸುತ್ತದೆ. ಕಾಣುವ ಎಚ್ಚರಿಕೆಯೂ ಆ ಸುಗಮತೆಯ ಒಂದು ಅಂಗ.

ಸ್ಟ್ರೋಬಿನ ಪ್ರಖರತೆಯನ್ನು ಕ್ಯಾಂಡೆಲಾ ಎಂಬ ಮಾನದಲ್ಲಿ ಹೇಳುತ್ತಾರೆ. ಅಮೆರಿಕದ ಎನ್‌ಎಫ್‌ಪಿಎ 72 ಸಂಹಿತೆಯಂತೆ ಸುಮಾರು 6 ಮೀಟರ್ ಉದ್ದಗಲದ ಕೊಠಡಿಗೆ ಗೋಡೆಯ ಮೇಲಿನ 15 ಕ್ಯಾಂಡೆಲಾದ ಒಂದು ದೀಪ ಸಾಕು. ಮಲಗುವ ಕೋಣೆಯಲ್ಲಿ ನಿದ್ದೆಯಿಂದ ಎಬ್ಬಿಸಲು 110 ಕ್ಯಾಂಡೆಲಾ ಬೇಕು, ದೀಪವು ಚಾವಣಿಗೆ ತೀರ ಹತ್ತಿರವಿದ್ದರೆ 177 ಕ್ಯಾಂಡೆಲಾ ಬೇಕು. ಚಾವಣಿಯ ಕೆಳಗೆ ಹೊಗೆ ಮೊದಲು ಶೇಖರವಾಗಿ ಬೆಳಕನ್ನು ಮಂಕಾಗಿಸುವುದೇ ಈ ವ್ಯತ್ಯಾಸಕ್ಕೆ ಕಾರಣ. ಯೂರೋಪಿನ ಇಎನ್ 54-23 ಮಾನಕವು ದೀಪದ ಬೆಳಕು ತಲುಪುವ ಪ್ರದೇಶವನ್ನೇ ನಮೂದಿಸುತ್ತದೆ. ಅದರಲ್ಲಿ ‘ಡಬ್ಲ್ಯೂ-2.4-6’ ಎಂದಿದ್ದರೆ, ಗೋಡೆಯ ಮೇಲೆ 2.4 ಮೀಟರ್ ಎತ್ತರದಲ್ಲಿರಿಸಿದ ದೀಪವು 6 ಮೀಟರ್ ಉದ್ದಗಲದ ಜಾಗಕ್ಕೆ ಸಾಕಾಗುತ್ತದೆ ಎಂದರ್ಥ.

ದೀಪವು ಸೆಕೆಂಡಿಗೆ ಸುಮಾರು 1ರಿಂದ 2 ಬಾರಿ ಮಿನುಗಬೇಕು. ಒಂದೇ ಸಭಾಂಗಣದಲ್ಲಿ ಹಲವು ಸ್ಟ್ರೋಬ್‌ಗಳು ಹೊಂದಾಣಿಕೆಯಿಲ್ಲದೆ ಮಿನುಗಿದರೆ ಒಟ್ಟು ಮಿನುಗುವಿಕೆಯ ವೇಗ ಹೆಚ್ಚುತ್ತದೆ. ಅತಿವೇಗದ ಮಿನುಗು ಬೆಳಕು ಅಪಸ್ಮಾರವುಳ್ಳ ಕೆಲವರಲ್ಲಿ ಮೂರ್ಛೆಯನ್ನು ಉಂಟುಮಾಡಬಲ್ಲದು. ಆದುದರಿಂದ ಏಕಕಾಲದಲ್ಲಿ ಮಿನುಗುವ ಸ್ಟ್ರೋಬ್‌ಗಳನ್ನೇ ಆರಿಸಬೇಕು.

ಕೋಲಾರ ಪ್ರದೇಶದ ಕಟ್ಟಡಗಳು

ಮಾಲೂರು ಹೆಂಚು ಮತ್ತು ಇಟ್ಟಿಗೆ ತಯಾರಿಕೆಗೆ ಹೆಸರಾದ ಊರು. ಹೆಂಚಿನ ಕಾರ್ಖಾನೆಗಳಲ್ಲಿ ಮಣ್ಣಿನ ಧೂಳು ಮತ್ತು ಗೂಡುಗಳ ಶಾಖ ಎರಡೂ ಇರುತ್ತವೆ. ಧೂಳು ಹೊಗೆ ಡಿಟೆಕ್ಟರನ್ನು ಹೊಕ್ಕರೆ ಸುಳ್ಳು ಎಚ್ಚರಿಕೆ ಮೊಳಗುತ್ತದೆ. ಇದು ಪದೇ ಪದೇ ಆದರೆ ಕಾರ್ಮಿಕರು ಸೈರನ್ನನ್ನು ಕಡೆಗಣಿಸಲು ಕಲಿಯುತ್ತಾರೆ, ಅಥವಾ ಯಾರಾದರೂ ಅದನ್ನು ಆರಿಸಿಯೇ ಬಿಡುತ್ತಾರೆ. ಇಂತಹ ಕಡೆ ಶಾಖ ಡಿಟೆಕ್ಟರ್ ಮತ್ತು ಕಾಲ್ ಪಾಯಿಂಟ್‌ಗಳೇ ಸೂಕ್ತ. ಗೂಡಿನ ಸಮೀಪದ ಡಿಟೆಕ್ಟರ್ ಅಲ್ಲಿನ ಸಹಜ ಉಷ್ಣತೆಗಿಂತ ಸಾಕಷ್ಟು ಹೆಚ್ಚಿನ ಮಟ್ಟದಲ್ಲಿ ಕೆಲಸ ಮಾಡುವಂಥದ್ದಾಗಿರಬೇಕು. ಕೋಲಾರ ತಾಲ್ಲೂಕಿನ ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಂತಹ ಕಡೆ, ಯಂತ್ರಗಳ ಸದ್ದು ಹೆಚ್ಚಿರುವ ಘಟಕಗಳಲ್ಲಿ ಸ್ಟ್ರೋಬ್ ಅನಿವಾರ್ಯವೆನಿಸುತ್ತದೆ.

ಶ್ರೀನಿವಾಸಪುರ ಮಾವಿನ ವ್ಯಾಪಾರಕ್ಕೆ, ಕೋಲಾರದ ಕೃಷಿ ಮಾರುಕಟ್ಟೆ ಟೊಮ್ಯಾಟೊ ವಹಿವಾಟಿಗೆ ಪ್ರಸಿದ್ಧ. ಮಂಡಿಗಳಲ್ಲಿ ಒಣಹುಲ್ಲು, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಕ್ರೇಟುಗಳಂತಹ ಬೇಗ ಹೊತ್ತುವ ಸಾಮಗ್ರಿ ಇರುತ್ತದೆ. ತೆರೆದ ಷೆಡ್ಡುಗಳಲ್ಲಿ ಗಾಳಿ ಹೊಗೆಯನ್ನು ಚದುರಿಸುವುದರಿಂದ ಚಾವಣಿಯ ಡಿಟೆಕ್ಟರ್ ತಡವಾಗಿ ಸ್ಪಂದಿಸುತ್ತದೆ. ಅಲ್ಲಿ ಕೈಗೆ ಸಿಗುವ ಕಾಲ್ ಪಾಯಿಂಟ್‌ಗಳು ಹಾಗೂ ಮಳೆ, ಧೂಳು ತಡೆಯುವ ಹೊರಾಂಗಣ ಸೈರನ್‌ಗಳು ಹೆಚ್ಚು ಉಪಯುಕ್ತ. ಕ್ರೇಟುಗಳ ರಾಶಿ ಕಾಲ್ ಪಾಯಿಂಟನ್ನು ಮರೆಮಾಡದಂತೆ ನೆಲದ ಮೇಲೆ ಬಣ್ಣದ ಗುರುತು ಹಾಕುವುದು ಒಳ್ಳೆಯದು.

ಮುಳಬಾಗಿಲು ಬೆಂಗಳೂರು–ಚೆನ್ನೈ ಮಾರ್ಗದ ರಾಷ್ಟ್ರೀಯ ಹೆದ್ದಾರಿ 75ರ ಮೇಲಿದ್ದು ಆಂಧ್ರಪ್ರದೇಶದ ಗಡಿಗೆ ಹತ್ತಿರದಲ್ಲಿದೆ. ಇಲ್ಲಿಯ ವಸತಿಗೃಹ ಮತ್ತು ಛತ್ರಗಳಲ್ಲಿ ತಂಗುವ ಪ್ರಯಾಣಿಕರಿಗೆ ಕಟ್ಟಡದ ಪರಿಚಯ ಇರುವುದಿಲ್ಲ. ಸೈರನ್ ಕೇಳಿದಾಗ ಯಾವ ಮೆಟ್ಟಿಲಿನಿಂದ ಇಳಿಯಬೇಕು ಎಂಬ ಸೂಚನಾಫಲಕವನ್ನು ಕನ್ನಡದ ಜೊತೆಗೆ ತೆಲುಗು, ತಮಿಳುಗಳಲ್ಲಿಯೂ ಚಿತ್ರಸಹಿತವಾಗಿ ಹಾಕುವುದು ಪ್ರಯೋಜನಕಾರಿ.

ಕಲ್ಯಾಣ ಮಂಟಪಗಳ ಸಮಸ್ಯೆ ಬೇರೆ ಬಗೆಯದು. ನಾಗಸ್ವರ, ಡೋಲು ಮತ್ತು ಧ್ವನಿವರ್ಧಕಗಳಿಂದ ಸಭಾಂಗಣದ ಸದ್ದು 85 ಡೆಸಿಬಲ್ ಇದೆಯೆಂದು ಭಾವಿಸಿದರೆ, ಎಚ್ಚರಿಕೆ 90 ಡೆಸಿಬಲ್ ಇರಬೇಕಾಗುತ್ತದೆ. ಮೇಲೆ ಹೇಳಿದ 100 ಡೆಸಿಬಲ್ಲಿನ ಸೈರನ್ 4 ಮೀಟರ್ ದಾಟುವಷ್ಟರಲ್ಲೇ ಆ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಹಲವು ಸೈರನ್‌ಗಳನ್ನು ಹಂಚಿ ಹಾಕುವುದರ ಜೊತೆಗೆ, ಎಚ್ಚರಿಕೆ ಬಂದೊಡನೆ ಧ್ವನಿವರ್ಧಕಗಳ ವಿದ್ಯುತ್ತನ್ನು ಕಡಿದುಹಾಕುವ ರಿಲೇಯನ್ನು ಪ್ಯಾನೆಲ್‌ಗೆ ಜೋಡಿಸಬೇಕು. ಅಡುಗೆಮನೆಯಲ್ಲಿ ಒಗ್ಗರಣೆಯ ಹೊಗೆ ಸಹಜವಾದ್ದರಿಂದ ಅಲ್ಲಿ ಶಾಖ ಡಿಟೆಕ್ಟರ್ ಬೇಕು.

ಅಳವಡಿಕೆ

ಸ್ಥಳ: ಸ್ಟ್ರೋಬ್‌ಗಳನ್ನು ನೆಲದಿಂದ 2ರಿಂದ 2.4 ಮೀಟರ್ ಎತ್ತರದಲ್ಲಿ, ಬೀರು, ಕಂಬ ಅಥವಾ ಅಲಂಕಾರದ ಪರದೆ ಅಡ್ಡಬಾರದಂತೆ ಇರಿಸಲಾಗುತ್ತದೆ. ಶೌಚಾಲಯದಂತಹ, ಒಬ್ಬರೇ ಇರುವ ಜಾಗಗಳನ್ನು ಮರೆಯಬಾರದು. ಕಿವಿ ಕೇಳಿಸದವರಿಗೆ ಅಲ್ಲಿ ಬೇರೆ ಯಾರೂ ಸೂಚನೆ ಕೊಡಲಾರರು. ಕಾಲ್ ಪಾಯಿಂಟ್‌ಗಳನ್ನು ನಿರ್ಗಮನದ ಬಾಗಿಲುಗಳ ಮತ್ತು ಮೆಟ್ಟಿಲುಗಳ ಬಳಿ ಸುಮಾರು 1.4 ಮೀಟರ್ ಎತ್ತರದಲ್ಲಿ ಹಾಕುವುದು ರೂಢಿ. ಕಟ್ಟಡ ಚಿಕ್ಕದಾಗಿದ್ದರೂ ಕನಿಷ್ಠ ಎರಡು ಸೈರನ್‌ಗಳಿದ್ದರೆ, ಒಂದು ಕೆಟ್ಟಾಗ ಇನ್ನೊಂದು ಕೇಳಿಸುತ್ತದೆ.

ವೈರಿನ ದಾರಿ: ವೈರು ಒಂದು ಸಾಧನದೊಳಗೆ ಹೋಗಿ ಅಲ್ಲಿಂದಲೇ ಮುಂದಿನದಕ್ಕೆ ಹೊರಡಬೇಕು. ವೈರನ್ನು ಉಳಿಸಲೆಂದು ನಡುವೆ ಕವಲು ತೆಗೆದು ಸೈರನ್ ಜೋಡಿಸುವುದು ಗಂಭೀರ ತಪ್ಪು. ಕವಲು ತುಂಡಾದರೂ ಕೊನೆಯ ರೆಸಿಸ್ಟರಿನ ಹರಿವು ಹಾಗೆಯೇ ಇರುವುದರಿಂದ ಪ್ಯಾನೆಲ್ ದೋಷವನ್ನು ತೋರಿಸುವುದಿಲ್ಲ. ರೆಸಿಸ್ಟರನ್ನು ಪ್ಯಾನೆಲ್‌ನ ಒಳಗೇ ಜೋಡಿಸಿಬಿಡುವುದೂ ಇಂಥದ್ದೇ ತಪ್ಪು; ಆಗ ಕಟ್ಟಡದ ಇಡೀ ವೈರು ಮೇಲ್ವಿಚಾರಣೆಯಿಂದ ಹೊರಗುಳಿಯುತ್ತದೆ. ಎಚ್ಚರಿಕೆಯ ವೈರುಗಳನ್ನು 230 ವೋಲ್ಟಿನ ವೈರುಗಳಿಂದ ಬೇರೆಯಾದ ಪೈಪಿನಲ್ಲಿ ಒಯ್ಯಬೇಕು. ಬೆಂಕಿಯನ್ನು ಸ್ವಲ್ಪ ಕಾಲ ತಾಳುವ ಕೇಬಲ್ ಬಳಸಿದರೆ, ಒಂದು ಕಡೆ ಬೆಂಕಿ ಹೊತ್ತಿದ ಮೇಲೂ ಉಳಿದ ಕಡೆ ಸೈರನ್ ಮೊಳಗುತ್ತಿರುತ್ತದೆ.

ವೈರಿನ ದಪ್ಪ: ಉದ್ದವಾದ ತೆಳು ವೈರಿನಲ್ಲಿ ವೋಲ್ಟೇಜು ಕುಸಿಯುತ್ತದೆ. 1.5 ಚದರ ಮಿಲಿಮೀಟರ್ ತಾಮ್ರದ ವೈರಿನ ರೋಧ ಕಿಲೋಮೀಟರಿಗೆ ಸುಮಾರು 12.1 ಓಮ್. ಪ್ಯಾನೆಲ್‌ನಿಂದ 120 ಮೀಟರ್ ದೂರದಲ್ಲಿ ಒಟ್ಟು 1 ಆಂಪಿಯರ್ ಬಳಸುವ ಹತ್ತು ಸಾಧನಗಳಿದ್ದರೆ, ಹೋಗಿಬರುವ 240 ಮೀಟರ್ ವೈರಿನ ರೋಧ ಸುಮಾರು 2.9 ಓಮ್, ಕುಸಿತವೂ 2.9 ವೋಲ್ಟ್. ಬರಿದಾಗುತ್ತಿರುವ ಬ್ಯಾಟರಿ 20.4 ವೋಲ್ಟ್ ನೀಡುತ್ತಿದೆಯೆಂದು ಲೆಕ್ಕ ಹಾಕಿದರೆ ಸಾಧನಗಳಿಗೆ 17.5 ವೋಲ್ಟ್ ದೊರೆಯುತ್ತದೆ. ಕನಿಷ್ಠ 16 ವೋಲ್ಟ್ ಬೇಡುವ ಸಾಧನಗಳು ಇದರಲ್ಲಿ ನಡೆಯುತ್ತವೆ. ಅದೇ ಕಡೆ 1 ಚದರ ಮಿಲಿಮೀಟರ್ ವೈರು ಬಳಸಿದರೆ ದೊರೆಯುವುದು ಸುಮಾರು 16 ವೋಲ್ಟ್ ಮಾತ್ರ; ಇನ್ನೆರಡು ಸೈರನ್ ಸೇರಿಸಿದರೆ 15.2 ವೋಲ್ಟಿಗೆ ಇಳಿಯುತ್ತದೆ. ಇಂತಹ ವ್ಯವಸ್ಥೆ ಮುಖ್ಯ ವಿದ್ಯುತ್ ಇದ್ದಾಗ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ವಿದ್ಯುತ್ ಇಲ್ಲದ ರಾತ್ರಿಯಲ್ಲಿ ಮೌನವಾಗಿ ಉಳಿಯಬಹುದು.

ಬ್ಯಾಟರಿ: ಪ್ಯಾನೆಲ್ 24 ಗಂಟೆಗಳ ಕಾಲ ಬ್ಯಾಟರಿಯ ಮೇಲೆ ಕಾದಿದ್ದು, ನಂತರ ಅರ್ಧ ಗಂಟೆ ಸೈರನ್ ಮೊಳಗಿಸಬಲ್ಲಂತೆ ಲೆಕ್ಕ ಹಾಕುವುದು ಒಂದು ವಿಧಾನ. ಕಾಯುವಾಗ 0.15 ಆಂಪಿಯರ್, ಮೊಳಗುವಾಗ 1.5 ಆಂಪಿಯರ್ ಬೇಕಿದ್ದರೆ ಕ್ರಮವಾಗಿ 3.6 ಮತ್ತು 0.75, ಒಟ್ಟು 4.35 ಆಂಪಿಯರ್-ಗಂಟೆಗಳಾಗುತ್ತವೆ. ಬ್ಯಾಟರಿ ಹಳೆಯದಾಗಿ ಕುಗ್ಗುವುದನ್ನು ಗಮನಿಸಿ ಕಾಲು ಭಾಗ ಹೆಚ್ಚಿಸಿದರೆ ಸುಮಾರು 5.4. ಆದುದರಿಂದ ಮಾರುಕಟ್ಟೆಯಲ್ಲಿ ಸಿಗುವ 7 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳು ಸಾಕು. ಗುಡುಗು ಮಿಂಚಿನ ಮಳೆಯಲ್ಲಿ ಪ್ಯಾನೆಲ್ ಸುಡದಂತೆ ವಿದ್ಯುತ್ ಪೂರೈಕೆಗೆ ಮತ್ತು ಕಟ್ಟಡದಿಂದ ಕಟ್ಟಡಕ್ಕೆ ಹಾಯುವ ವೈರುಗಳಿಗೆ ಸರ್ಜ್ ರಕ್ಷಕಗಳನ್ನು ಹಾಕಬೇಕು.

ಪರೀಕ್ಷೆ ಮತ್ತು ನಿರ್ವಹಣೆ

ಅಳವಡಿಕೆ ಮುಗಿದ ದಿನ ಸೈರನ್ ಮೊಳಗಿತು ಎಂಬುದಷ್ಟೇ ಸಾಲದು. ಹಣ ಪಾವತಿಸುವ ಮೊದಲು ಕಟ್ಟಡದ ಮಾಲೀಕರು ಈ ಪರೀಕ್ಷೆಗಳನ್ನು ತಮ್ಮೆದುರಿಗೆ ಮಾಡಿಸಿಕೊಳ್ಳುವುದು ಲೇಸು:

- ಯಾವುದಾದರೊಂದು ಸೈರನ್ನಿನ ವೈರನ್ನು ಬಿಡಿಸಿದಾಗ ಪ್ಯಾನೆಲ್‌ನಲ್ಲಿ ದೋಷ ಕಾಣಿಸಬೇಕು.
- ಮುಖ್ಯ ವಿದ್ಯುತ್ತನ್ನು ತೆಗೆದು, ಬ್ಯಾಟರಿಯ ಮೇಲೆಯೇ ಎಲ್ಲ ಸೈರನ್ ಮತ್ತು ಸ್ಟ್ರೋಬ್‌ಗಳು ನಡೆಯಬೇಕು.
- ಬಾಗಿಲುಗಳನ್ನು ಮುಚ್ಚಿ, ಅತಿ ದೂರದ ಕೊಠಡಿಯಲ್ಲಿ ಸದ್ದನ್ನು ಮಾಪಕದಿಂದ ಅಳೆಯಬೇಕು.
- ಯಂತ್ರಗಳು ಅಥವಾ ಧ್ವನಿವರ್ಧಕಗಳು ನಡೆಯುತ್ತಿರುವಾಗಲೂ ಎಚ್ಚರಿಕೆ ಗಮನಕ್ಕೆ ಬರಬೇಕು.
- ಪ್ರತಿ ಕಾಲ್ ಪಾಯಿಂಟ್ ಒತ್ತಿದಾಗ ಪ್ಯಾನೆಲ್ ಸರಿಯಾದ ವಲಯವನ್ನು ತೋರಿಸಬೇಕು.

ಅನಂತರ ವಾರಕ್ಕೊಮ್ಮೆ ಬೇರೆ ಬೇರೆ ಕಾಲ್ ಪಾಯಿಂಟ್ ಒತ್ತಿ ಪರೀಕ್ಷಿಸಿ ದಾಖಲೆ ಪುಸ್ತಕದಲ್ಲಿ ಬರೆಯುವುದು ಉತ್ತಮ ಪದ್ಧತಿ. ಡಿಟೆಕ್ಟರ್‌ಗಳ ಧೂಳನ್ನು ತೆಗೆಸಬೇಕು; ಮೊಹರಾದ ಸೀಸ-ಆಮ್ಲ ಬ್ಯಾಟರಿಗಳನ್ನು ಸಾಮಾನ್ಯವಾಗಿ 3ರಿಂದ 5 ವರ್ಷಗಳೊಳಗೆ ಬದಲಿಸಬೇಕಾಗುತ್ತದೆ. ಪ್ಯಾನೆಲ್‌ನ ದೋಷದ ದೀಪ ಹಳದಿಯಾಗಿ ಉರಿಯುತ್ತಿದ್ದರೆ ಅದರ ಗುಂಯ್‌ಗುಡುವಿಕೆಯನ್ನು ಆರಿಸಿ ಸುಮ್ಮನಾಗುವುದು ಹಲವೆಡೆ ಕಾಣುವ ಅಭ್ಯಾಸ. ಹೀಗೆ ಮಾಡಿದರೆ ವ್ಯವಸ್ಥೆ ತಾನಾಗಿ ನೀಡಿದ ಮುನ್ಸೂಚನೆ ವ್ಯರ್ಥವಾಗುತ್ತದೆ.

ಕಾನೂನು

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗವು ಅಗ್ನಿ ಮತ್ತು ಜೀವರಕ್ಷಣೆಗೆ ಮೀಸಲಾಗಿದ್ದು, ಯಾವ ಬಗೆಯ ಮತ್ತು ಎಷ್ಟು ಎತ್ತರದ ಕಟ್ಟಡಕ್ಕೆ ಯಾವ ವ್ಯವಸ್ಥೆ ಬೇಕೆಂಬುದನ್ನು ವಿವರಿಸುತ್ತದೆ. ರಾಜ್ಯದಲ್ಲಿ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮ 1964 ಜಾರಿಯಲ್ಲಿದೆ. ನಿರಾಕ್ಷೇಪಣಾ ಪತ್ರ ಅಗತ್ಯವಿರುವ ಕಟ್ಟಡಗಳಿಗೆ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಅದನ್ನು ನೀಡುತ್ತದೆ. ಪತ್ರ ಕಡ್ಡಾಯವಲ್ಲದ ಸಣ್ಣ ಕಟ್ಟಡಗಳಲ್ಲಿಯೂ ಹೊಗೆಯ ಅಪಾಯ ಕಡಿಮೆಯೇನಲ್ಲ.

ಮಿತಿಗಳು

ಸೈರನ್ ಮತ್ತು ಸ್ಟ್ರೋಬ್ ಬೆಂಕಿಯನ್ನು ಆರಿಸುವುದಿಲ್ಲ. ವಿಶೇಷ ಸಂಪರ್ಕ ಇಲ್ಲದಿದ್ದರೆ ಅವು ಅಗ್ನಿಶಾಮಕ ಠಾಣೆಗೆ ಸುದ್ದಿಯನ್ನೂ ಮುಟ್ಟಿಸುವುದಿಲ್ಲ. 101 ಅಥವಾ 112 ಸಂಖ್ಯೆಗೆ ಕರೆ ಮಾಡುವ ಹೊಣೆ ಯಾರದೆಂದು ಮೊದಲೇ ನಿಗದಿಯಾಗಿರಬೇಕು. ನಿರ್ಗಮನದ ಬಾಗಿಲಿಗೆ ಬೀಗ ಹಾಕಿದ್ದರೆ ಅಥವಾ ಮೆಟ್ಟಿಲುಗಳ ಮೇಲೆ ಸಾಮಾನು ಪೇರಿಸಿದ್ದರೆ ಅತ್ಯುತ್ತಮ ಎಚ್ಚರಿಕೆಯೂ ಜನರನ್ನು ಹೊರಗೆ ತರಲಾರದು. ಕಟ್ಟಡದಲ್ಲಿರುವವರು ವರ್ಷಕ್ಕೆ ಕೆಲವು ಬಾರಿಯಾದರೂ ಸೈರನ್ ಕೇಳಿ ಹೊರಗೆ ಬರುವ ಅಭ್ಯಾಸ ಮಾಡಿದಾಗ ಮಾತ್ರ ಈ ವ್ಯವಸ್ಥೆಯ ಪೂರ್ಣ ಪ್ರಯೋಜನ ದೊರೆಯುತ್ತದೆ.